ಕ್ಷೌರದಂಗಡಿ ತಾತನ ಕತ್ತಿ

ತೊಂಡೇಬಾವಿ ಸ್ಟೇಷನ್ ಹತ್ತಿರ ಕ್ಷೌರದಂಗಡಿ ಇಟ್ಟಿದ್ದ ತಾತ, ಉಳಿದವರೆಲ್ಲ ಬ್ಲೇಡಿಗೆ ಬದಲಾದರೂ ತನ್ನ ಹಳೇ ಕತ್ತಿ ಬಿಟ್ಟಿರಲಿಲ್ಲ. ಪ್ರತಿ ಸಲವೂ ಅದನ್ನು ಕುದಿನೀರಲ್ಲಿ ಅದ್ದಿ, ಬಿಳೀ ಬಟ್ಟೆಯಲ್ಲಿ ಒರೆಸಿ, ಬಾಗಿಲ ಗಾಳಿಗೆ ಹಿಡಿದು, ಒಂದು ತೊಟ್ಟು ಮಿಷನ್ ಎಣ್ಣೆ ಸವರುತ್ತಿದ್ದ. "ಹನಿ ಉಳಿದ್ರೂ ತುಕ್ಕು ಹಿಡಿಯುತ್ತೆ ಕಣಪ್ಪ. ನೀರೊಂದು ಇದಕ್ಕೆ ಆಗಿಬರಲ್ಲ" ಅನ್ನುತ್ತಿದ್ದ.

ಊರಾಚೆಯ ನಮ್ಮ ಕಾಲೋನಿಯವರು ಹೋದರೆ ಬೇರೆ ಅಂಗಡಿಯವರಿಗೆ ಪುರುಸೊತ್ತೇ ಇರುತ್ತಿರಲಿಲ್ಲ. ತಾತನಿಗೆ ಇರುತ್ತಿತ್ತು.

ಒಂದು ಬೆಳಗ್ಗೆ ನಾನು ಗಡ್ಡ ತೆಗೆಸಿಕೊಂಡು ಏಳುವಾಗ, ಊರಿನ ಜಮೀನ್ದಾರರೊಬ್ಬರು ಬಾಗಿಲಲ್ಲೇ ನಿಂತರು. "ಇವನಿಗೆ ಮುಟ್ಟಿಸಿದ ಕತ್ತೀನೇ ನಂಗೂ ಮುಟ್ಟಿಸ್ತೀಯಾ?"

ತಾತ ತಲೆ ಎತ್ತಲಿಲ್ಲ. ಕತ್ತಿ ಒರೆಸುತ್ತಲೇ ಹೇಳಿದ: "ಕತ್ತಿಗೆ ನೀರೊಂದೇ ಮೈಲಿಗೆ. ಕೂರೋದಾದ್ರೆ ಕೂತ್ಕೊಳ್ಳಿ. ಇಲ್ಲಾಂದ್ರೆ ಬಾಗಿಲು ಬಿಡಿ ಯಜಮಾನ್ರೇ, ಗಾಳಿ ಬರ್ಲಿ. ಇದು ಒಣಗ್ಬೇಕು."