ಭರ್ಮಾನಿಗೆ ನಾನು ಕೊಟ್ಟ ಕುಸ್ತಿಯ ಮದ್ದು

ಎರಡನೆಯ ಮಹಾಯುದ್ಧ ಶುರುವಾದ ವರ್ಷ ನಾನು ಇಚಲಕರಂಜಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಇಪ್ಪತ್ತೆರಡು ವರ್ಷಕ್ಕೆ ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದೆ. ಆದರೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದೆ.

ನನ್ನ ಜೊತೆ ಭರ್ಮಾ ಅಂತ ಗೆಳೆಯನಿದ್ದ. ಬಟ್ಟೆಯ ಗಂಟು ನಾನು ಒಂದು ಹೊತ್ತರೆ ಅವನು ಎರಡು ಹೊರುತ್ತಿದ್ದ. ಗಿರಾಕಿಗಳ ಮುಂದೆ ಸೀರೆಯನ್ನು ಮೈಮೇಲೆ ಉಟ್ಟು ತೋರಿಸುವುದೂ ಅವನದೇ ಕೆಲಸ. ಧೋತರದ ಮೇಲೆ ಒಂಬತ್ತು ಗಜದ ಸೀರೆ ಸುತ್ತಿ ಅವನು ಸೆರಗು ಹೊದ್ದನೆಂದರೆ ಕುರುಂದವಾಡದಿಂದ ಬಂದ ಹೆಂಗಸರು ಬೇರೆ ಸೀರೆ ಕೇಳುತ್ತಲೇ ಇರಲಿಲ್ಲ. ಗಿರಾಕಿ ಹೋದ ಮೇಲೂ ಅವನು ಅದನ್ನು ಬಿಚ್ಚುತ್ತಿರಲಿಲ್ಲ. ಸಾವಕಾರರು ಎರಡು ಸಲ ಕೆಮ್ಮಬೇಕಾಗುತ್ತಿತ್ತು.

ಒಂದು ದಿನ ಭರ್ಮಾನ ಅಪ್ಪ ಅಂಗಡಿಗೆ ಬಂದು ನನ್ನನ್ನು ಹೊರಗೆ ಕರೆದರು. "ಗಡಹಿಂಗ್ಲಜದಾಗ ಕನ್ಯಾ ಗೊತ್ತು ಮಾಡೇನಿ. ಇವ ನೋಡಿದ್ರ, ನಾ ಗಂಡಸಲ್ಲ, ಒಳಗ ಹೆಣ್ಣದೇನಿ, ಲಗ್ನ ಬ್ಯಾಡ ಅಂತಾನ. ಏನ ಮಾಡ್ಲೊ ತಮ್ಮಾ?"

"ಅಷ್ಟ ಏನ್ರಿ ಕಾಕಾ?" ಎಂದೆ. "ಹದಿನೈದು ದಿನ ಕೊಲ್ಹಾಪುರದ ತಾಲೀಮಿಗೆ ಕಳಸ್ರಿ. ಕೆಂಪು ಮಣ್ಣಾಗ ಉಳ್ಳ್ಯಾಡಿದ್ರ ಗಂಡಸಾಗಿ ಬರ್ತಾನ. ನಾನು ಜೋಡಿ ಹೋಗತೇನಿ."

ಕುಸ್ತಿಯ ಕ, ಖ ನನಗೆ ಗೊತ್ತಿರಲಿಲ್ಲ.

ತಾಲೀಮಿನ ಗರಡಿಯಲ್ಲಿ ಕುಸ್ತಿ ಕಲಿಸುವ ವಸ್ತಾದರು ಇಬ್ಬರಿಗೂ ಲಂಗೋಟಿ ಕಟ್ಟಲು ಹೇಳಿದರು. ಭರ್ಮಾ ಅಂಗಿ ಬಿಚ್ಚಲೊಲ್ಲ. ಕಂಬ ಹಿಡಿದು ನಿಂತುಬಿಟ್ಟ. ಮುಖ ಕೆಂಪಾಗಿತ್ತು.

"ಎಲ್ಲಾ ಗಂಡಸರ ಅದೀವಲ್ಲೊ, ಯಾಕ ನಾಚತಿ?" ಎಂದೆ.

"ಎಲ್ಲಾ ಗಂಡಸರ ಅದೀರಿ ಅಂತನ ನಾಚಿಕಿ" ಎಂದ.

ನಾನು ನಕ್ಕೆ. ಕೊನೆಗೆ ವಸ್ತಾದರು, ಅಂಗಿ ಚಡ್ಡಿ ಮೇಲೆಯೇ ಕಣಕ್ಕೆ ಇಳಿಯಲಿ ಎಂದರು. ಇಳಿದ. ಅರೆಗಳಿಗೆಯಲ್ಲಿ ನಾನು ತಾಲೀಮಿನ ಮಾಳಿಗೆಯ ಜಂತಿ ಎಣಿಸುತ್ತ ಮಲಗಿದ್ದೆ. ನನ್ನ ಮೇಲೆ ಭರ್ಮಾ ಕೂತಿದ್ದ. ವಾರದೊಳಗೆ ಅಲ್ಲಿನ ಹಳೇ ಹುಲಿಗಳಲ್ಲೂ ಮೂವರನ್ನು ಕೆಡವಿದ. ಹದಿನೈದು ದಿನಕ್ಕೆ ನನ್ನ ಸೊಂಟ ಹೋಗಿತ್ತು, ಅವನ ಹೆಸರು ಪೇಟೆಯಲ್ಲಿ ಹಬ್ಬಿತ್ತು. ವಸ್ತಾದರು ನನ್ನನ್ನು ಕರೆದು, "ಇಂವ ಪೈಲವಾನ ಅದಾನ. ಮದ್ದು ಬೇಕಾದ್ದು ನಿನಗ" ಎಂದರು.

ಊರಿಗೆ ಬಂದು ಅವನ ಅಪ್ಪನಿಗೆ ಸುದ್ದಿ ಹೇಳಿದೆ. ಅವರು ಓಣಿಗೆಲ್ಲ ಪೇಡೆ ಹಂಚಿ, ಲಗ್ನದ ದಿನವನ್ನೇ ಗೊತ್ತು ಮಾಡಿಬಿಟ್ಟರು. ಭರ್ಮಾ ಆ ದಿನದಿಂದ ಊಟ ಬಿಟ್ಟ.

ಆ ವಾರದಲ್ಲೇ ಒಬ್ಬ ಗಿರಾಕಿ ಬಾಯಿ, ಎರಡು ಸೀರೆ ಒಟ್ಟಿಗೇ ಉಟ್ಟು ತೋರಿಸಿ ಎಂದು ಹಟ ಹಿಡಿದಳು. ಹಸಿರು ಸೀರೆ ಭರ್ಮಾ ಉಟ್ಟ. ಕೆಂಪು ಸೀರೆ ನನಗೆ ಉಡಿಸಿದರು. ಅವಳ ಜೊತೆ ಬಂದ ಆರು ಮಂದಿ ಹೆಂಗಸರು ನನ್ನನ್ನೇ ನೋಡುತ್ತಿದ್ದರು. ಒಬ್ಬಳು, "ಅಯ್ಯ, ಇಕಿಗೆ ಮೀಸಿ ಬಂದಾವಲ್ಲ!" ಎಂದಳು. ಬೆವರು ಇಳಿಯಿತು. ಬೀದಿಯಲ್ಲಿ ಹೋಗುವವರೆಲ್ಲ ಇಣುಕಿದರು. ಈ ಮೈ ನನ್ನದೇ ಅಲ್ಲ ಅನಿಸಿತು.

"ಲಗೂನ ಬಿಚ್ಚೊ ಮಾರಾಯಾ, ಜೀವ ಹೊಂಟೈತಿ" ಎಂದೆ.

ಭರ್ಮಾ ನಿರಿಗೆ ಬಿಡಿಸುತ್ತ ಮೆಲ್ಲಗೆ ಹೇಳಿದ, "ನಿನಗ ಒಂದು ಗಳಿಗಿ ತಡ್ಯಾಕ ಆಗವಲ್ದು. ನಾ ಹುಟ್ಟಿದಾಗಿಂದ ತಡದೇನಿ."

ಆ ಮಾತಿಗೆ ನನಗೆ ನಗು ಬರಲಿಲ್ಲ. ಕೊಲ್ಹಾಪುರದಲ್ಲಿ ಅವನು ಕಂಬ ಹಿಡಿದು ನಿಂತಿದ್ದು ನೆನಪಾಯಿತು.

"ನಿಮ್ಮಪ್ಪಗ ನಾ ಹೇಳ್ಲೇನು?"

"ಹೇಳು. ಗಡಹಿಂಗ್ಲಜದ ಹುಡಿಗಿ ಏನ ಪಾಪ ಮಾಡೇತಿ?"

ನನ್ನ ಮದ್ದು ತಪ್ಪಿತು ಅಂತ ಕಾಕಾನ ಮುಂದೆ ಒಪ್ಪಿಕೊಂಡೆ. ಅವರು ಉಳಿದ ಪೇಡೆಯ ಡಬ್ಬಿಗೆ ಮುಚ್ಚಳ ಹಾಕಿ, "ಮದ್ದು ಕೊಟ್ಟಾವ ನೀನು. ನೀನ ಹೋಗಿ ಹೇಳಿ ಬಾ" ಎಂದರು.

ಗಡಹಿಂಗ್ಲಜದಲ್ಲಿ ಹುಡುಗಿಯ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಈ ಲಗ್ನ ಬೇಡ ಎಂದೆ.

"ಯಾಕ, ಕುಡಿತಾನೇನು?"

"ಇಲ್ರಿ ಆಯಿ."

"ಮೈಯಾಗ ಬಲ ಇಲ್ಲೇನು?"

"ಬಲ ಭಾಳ ಐತ್ರಿ. ನನ್ನ ಸೊಂಟ ನೋಡ್ರಿ."

"ಮತ್ತೇನ ಐಬು?"

"ಐಬೇನಿಲ್ರಿ. ಅಕಿ ಹೆಣ್ಣರಿ."

ಅಜ್ಜಿಯ ಬಾಯಿ ಹಾಗೆಯೇ ನಿಂತಿತು. "ಹೆಣ್ಣಿಗೆ ಹೆಣ್ಣ ಗೊತ್ತು ಮಾಡಿದ್ರೇನೊ!" ಎಂದು ಎಲೆ ಉಗುಳಿ, ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ತಲಿ ಮ್ಯಾಲ ಅಕ್ಕಿಕಾಳು ಬೀಳೂದರಾಗ ಹೇಳಿದಿ, ಪುಣ್ಯಾತ್ಮಾ. ಚಾ ಕುಡದು ಹೋಗು" ಎಂದರು.

ಮರುದಿನ ಅಂಗಡಿಯಲ್ಲಿ ಭರ್ಮಾ ಸೀರೆ ಮಡಚುತ್ತಿದ್ದಳು. ಲಗ್ನ ಮುರಿಯಿತು ಎಂದೆ.

"ಏನಂತ ಹೇಳಿದಿ?"

"ಅಕಿ ಹೆಣ್ಣು ಅಂತ ಹೇಳಿದೆ."

ಅವಳು ಮಡಚುತ್ತಿದ್ದ ಸೀರೆಯಲ್ಲೇ ಮುಖ ಮುಚ್ಚಿಕೊಂಡಳು. ಸಾವಕಾರರು ಕೆಮ್ಮಿದರು. ಅವಳು ಮುಖ ತೆಗೆಯದೆಯೇ, "ಇನ್ನೊಮ್ಮೆ ಹೇಳು" ಎಂದಳು.

ಹೇಳಿದೆ. ನನ್ನ ಬದುಕಿನಲ್ಲಿ ಊರಿಗೆಲ್ಲ ಎಷ್ಟೋ ಬುದ್ಧಿ ಹೇಳಿದ್ದೇನೆ, ಇನ್ನೊಮ್ಮೆ ಹೇಳು ಅಂತ ಯಾರಾದರೂ ಕೇಳಿದ್ದು ಅದೊಂದೇ ಮಾತು. ಈಗಲೂ ಸೊಂಟ ಹಿಡಿದಾಗಲೆಲ್ಲ ಅದು ನೆನಪಾಗುತ್ತದೆ.