ಕಾಕಿಗೆ ನಾನು ಓದಿ ಹೇಳಿದ ಎರಡನೇ ಸೀಸನ್

ಕಾಕಿಯ ತುಟಿಗಳ ನಡುವೆ ಯಾವಾಗಲೂ ಮೂರೋ ನಾಲ್ಕೋ ಗುಂಡುಪಿನ್ನುಗಳಿರುತ್ತಿದ್ದವು. ಹೀಗಾಗಿ ಅವರು ಬಾಯಿಯ ಎಡತುದಿಯಿಂದಷ್ಟೇ ಮಾತಾಡುತ್ತಿದ್ದರು, ನಗು ಬಂದರೆ ಮೂಗಿನಿಂದ ನಗುತ್ತಿದ್ದರು. ಪಿನ್ನುಗಳನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡರೆಂದರೆ ವಿಷಯ ದೊಡ್ಡದಿದೆ ಎಂದು ಓಣಿಯ ಹೆಂಗಸರೆಲ್ಲ ಸುಮ್ಮನಾಗುತ್ತಿದ್ದರು.

ಶಹಾಪುರದ ನಮ್ಮ ಓಣಿಗೆ ಅವರು ಟೇಲರ್. ನನಗೆ ಸಂಬಂಧಿಯೇನಲ್ಲ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ, ಅಷ್ಟಕ್ಕೇ ಕಾಕಿ. ಗಂಡ ತೀರಿಕೊಂಡಾಗ ಮಗಳಿಗೆ ಎರಡು ವರ್ಷವಂತೆ. ಕೆಂಭಾವಿಯಿಂದ ಅಣ್ಣ ಬಂದು, ಹೊಲಿಗೆ ಮಷಿನ್ನು ತಂದುಕೊಟ್ಟು, ಮುಂದಿನ ಖೋಲಿಯಲ್ಲಿ ತಂಗಿಯನ್ನು ಕೂಡಿಸಿ ಹೋದರಂತೆ. ಅವತ್ತಿನಿಂದ ಊರಿನ ಎಷ್ಟೋ ಸಾಲೆಗಳ ಯೂನಿಫಾರ್ಮು ಅವರ ಕೈಯಿಂದಲೇ ಹೊರಬಿದ್ದವು. ಟೇಪು ಕೊರಳಲ್ಲಿ ನೇತಾಡುತ್ತಿತ್ತೇ ಹೊರತು ಅದನ್ನು ಹುಡುಗರ ಮೈಗೆ ಹಚ್ಚಿದ್ದು ಕಡಿಮೆ. ಎಲ್ಲಾ ಕಣ್ಣಳತೆ. ಲಂಗದ ಅಂಚನ್ನು ನಾಲ್ಕು ಬೆರಳು ಒಳಗೆ ಮಡಚಿಯೇ ಹೊಲಿಯುವರು. ಯಾರಾದರೂ ಬಟ್ಟೆ ಯಾಕೆ ಹಾಳು ಮಾಡುತ್ತೀರಿ ಎಂದರೆ, "ಬಟ್ಟಿ ಬೆಳೆಯಂಗಿಲ್ಲವ್ವ, ಹುಡುಗ್ರು ಬೆಳಿತಾವ" ಎನ್ನುವರು.

ನಾನೂ ಅವರ ಮಗಳೂ ಮೊದಲ ಪಿಯುಸಿಯಲ್ಲಿದ್ದೆವು. ನನಗೆ ಆಗ ಜಪಾನಿನ ಅನಿಮೆಗಳ ಹುಚ್ಚು. ಮನೆಯಲ್ಲಿ ಅವ್ವ ಬೈಯುತ್ತಾಳೆಂದು ಫೋನು ಹಿಡಿದು ಕಾಕಿಯ ಖೋಲಿಯ ಮೂಲೆಗೆ ಸೇರುತ್ತಿದ್ದೆ. ಒಂದು ದಿನ ಕಾಕಿ ಮಷಿನ್ನು ನಿಲ್ಲಿಸಿ, ಫೋನಿನೊಳಗಿನ ಹುಡುಗಿಯ ಯೂನಿಫಾರ್ಮಿನತ್ತ ಕತ್ತು ಚಾಚಿದರು.

"ಯಾವ ಸಾಲೀದವ್ವ ಇದು? ನಿರಿಗಿ ಭಾಳ ಚಂದ ಕೂಡಿಸ್ಯಾರ."

"ಜಪಾನ್ ದೇಶದ್ದು ಕಾಕಿ. ಗೊಂಬಿ ಚಿತ್ರ."

"ಗೊಂಬಿಗೆ ಇಷ್ಟು ಛಲೋ ಹೊಲ್ದಾರಂದ್ರ, ಖರೇ ಹುಡುಗ್ರಿಗಿ ಹೆಂಗ ಹೊಲಿತಿರಬೇಕು."

ಹಾಗೆ ಶುರುವಾಯಿತು. ಫೋನನ್ನು ದಾರದುಂಡೆಗಳ ಡಬ್ಬಿಗೆ ಆನಿಸಿ ಇಡುವುದು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ನಮ್ಮ ಮಾತಿಗೆ ತಿರುವಿ ಹೇಳುವುದು. ಕಥೆ ದೊಡ್ಡದೇನಲ್ಲ. ಒಂದೇ ಕ್ಲಾಸಿನ ಹುಡುಗ, ಹುಡುಗಿ. ಇಬ್ಬರಿಗೂ ಮನಸ್ಸಿದೆ, ಇಬ್ಬರೂ ಬಾಯಿಬಿಡುವುದಿಲ್ಲ, ನಡುವೆ ಹತ್ತು ಫಜೀತಿ. ಜಪಾನಿ ಹೆಸರುಗಳು ಕಾಕಿಯ ನಾಲಿಗೆಗೆ ಹತ್ತಲಿಲ್ಲ. ಕನ್ನಡಕದ ಹುಡುಗನಿಗೆ ಚಾಳೀಸಿನಂವ, ಹುಡುಗಿಗೆ ಎರಡು ಜಡಿಯಾಕಿ ಎಂದು ಹೆಸರಿಟ್ಟರು. ಚಾಳೀಸಿನಂವ ಛತ್ರಿ ಕೊಡಲು ಹೋಗಿ ಹುಡುಗಿಯ ಬದಲು ಹೆಡ್‌ಮಾಸ್ತರರಿಗೆ ಕೊಟ್ಟು ಬಂದಾಗ ಕಾಕಿ ನಕ್ಕ ರಭಸಕ್ಕೆ ಪಿನ್ನೊಂದು ಹಾರಿ ಯಾರದೋ ಜಂಪರಿನ ತೋಳಿಗೆ ಸಿಕ್ಕಿಕೊಂಡಿತು.

ಒಂದೇ ಕಟ್ಟಳೆ. ಮಗಳು ನೋಡುವಂತಿಲ್ಲ. ಅವಳು ನಮಗೆ ಬೆನ್ನು ಮಾಡಿ ಕಾಜಾ ಹೊಲಿಯಬೇಕು, ಗುಂಡಿ ಹಚ್ಚಬೇಕು. ಪಕ್ಕದ ಮನೆಯ ಹುಡುಗಿ ಕೆಟ್ಟರೆ ಅಡ್ಡಿಯಿಲ್ಲವೇನು ಎಂದು ನಾನು ಕಾಕಿಯನ್ನು ಕಾಡುತ್ತಿದ್ದೆ. ಅವರು ಮೂಗಿನಿಂದ ನಗುತ್ತಿದ್ದರು.

ಎರಡನೇ ಸೀಸನ್ ಬರುವಷ್ಟರಲ್ಲಿ ನಾವು ಎರಡನೇ ಪಿಯುಸಿ ಮುಗಿಸುತ್ತಿದ್ದೆವು. ಚಿತ್ರದಲ್ಲಿಯೂ ಅದೇ ಕಾಲ. ನಗೆ ಕಡಿಮೆಯಾಗಿತ್ತು. ಕೊನೆಯ ವರ್ಷ, ಮುಂದೇನು ಎಂಬ ಪ್ರಶ್ನೆ. ಎರಡು ಜಡೆಯವಳ ತಾಯಿ ಅವಳನ್ನು ದೂರದೂರಿನ ಬಂಧುಗಳ ಮನೆಗೆ ಕಳಿಸಬೇಕೆಂದು ನಿಶ್ಚಯಿಸಿದ್ದಾಳೆ. ಹುಡುಗಿಗೆ ಮನಸ್ಸಿಲ್ಲ, ಹೇಳಲು ಧೈರ್ಯವಿಲ್ಲ.

ಇತ್ತ ಖೋಲಿಯಲ್ಲಿ ಬೆನ್ನು ಮಾಡಿ ಕುಳಿತವಳ ಕಥೆಯೂ ಹಾಗೇ ಇತ್ತು. ಅವಳು ಹುಟ್ಟಿದಾಗಲೇ, ತೊಟ್ಟಿಲಿಗೆ ಹಾಕಿದ ದಿನವೇ, ಕೆಂಭಾವಿಯ ಮಾಮ ತನ್ನ ಮಗನಿಗೆಂದು ಮಾತು ತೆಗೆದುಕೊಂಡಿದ್ದರು. ನಮ್ಮ ಕಡೆ ಅಣ್ಣನ ಮಗನಿಗೆ ಹೆಣ್ಣು ಕೊಡುವುದೆಂದರೆ ತವರಿನ ದಾರಿ ಗಟ್ಟಿಯಾದಂತೆ. ಆ ವರ್ಷ ಮಾಮ ಬಂದು ಬೇಸಿಗೆಯಲ್ಲೇ ಅಕ್ಕಿಕಾಳು ಹಾಕಿ ಮದುವೆ ಮುಗಿಸಿಬಿಡೋಣ ಎಂದು ಹೋಗಿದ್ದರು. ಗೆಳತಿ ನನ್ನೆದುರು ಅತ್ತಳು. "ಅಂವಾ ನಾ ಸೂಟಿಯಾಗ ಕೂಡೇ ಆಡಿ ಬೆಳದೀವಿ. ನನಗ ಅಣ್ಣ ಇದ್ದಂಗ ಅದಾನ. ನಾ ನರ್ಸಿಂಗ್ ಓದಬೇಕಂತೀನಿ. ಅವ್ವಗ ಹೆಂಗ ಹೇಳ್ಲಿ? ಮಾಮಾನ ಋಣದಾಗ ಅಕಿ ಬದುಕ್ಯಾಳ."

ನನಗೆ ಹದಿನೇಳು ವರ್ಷ. ಆ ವಯಸ್ಸಿಗೆ ಯಾವ ಗಂಟನ್ನಾದರೂ ನಾನೇ ಬಿಚ್ಚಬಲ್ಲೆ ಎಂಬ ಸೊಕ್ಕಿರುತ್ತದೆ.

ಆ ಕಂತಿನಲ್ಲಿ ಎರಡು ಜಡೆಯವಳು ಅಡುಗೆಮನೆಯಲ್ಲಿ ತಾಯಿಯ ಎದುರು ನಿಂತಳು. ತಲೆ ತಗ್ಗಿಸಿ ಏನೋ ಹೇಳಿದಳು. ಕೆಳಗೆ ಬಂದ ಸಾಲು ಇಷ್ಟೇ: ನೀನು ಹೇಳಿದ ಹಾಗೇ ಆಗಲಿ. ತಾಯಿ ಮಗಳ ತಲೆ ಸವರಿ ಕಣ್ಣೊರೆಸಿಕೊಂಡಳು.

"ಏನಂದಳು?" ಕಾಕಿ ಕೇಳಿದರು.

ನಾನು ಹೇಳಿದೆ: "ಅವ್ವಾ, ನನಗ ಅಲ್ಲಿಗಿ ಕಳಸಬ್ಯಾಡ. ನೀ ಹೇಳಿದ್ರ ಹೋಗತೀನಿ, ಆದ್ರ ಹೋದಾಕಿ ನಿನ್ನ ಮಗಳಾಗಿ ಉಳಿಯಂಗಿಲ್ಲ, ಅಂದಳು ಕಾಕಿ."

ಕಾಕಿ ಪಿನ್ನುಗಳನ್ನು ಬಾಯಿಂದ ತೆಗೆದು ಸೆರಗಿಗೆ ಚುಚ್ಚಿಕೊಂಡರು. "ಖರೇ ಹಿಂಗ ಅಂದಳೇನು?"

"ಹೌದ್ರಿ."

"ತಾಯಿ ಏನಂದಳು?"

"ಒಪ್ಪಿದಳು. ಅದಕ್ಕ ಅಳಾಕತ್ಯಾಳ."

ಬೆನ್ನು ಮಾಡಿ ಕುಳಿತವಳ ಕೈಯ ಸೂಜಿ ನಿಂತಿತ್ತು. ನಾನು ಹೇಳಿದ ಮಾತು ಯಾರದೆಂದು ಅವಳಿಗೆ ತಿಳಿದುಹೋಗಿತ್ತು. ಕಾಕಿ ಎದ್ದು ಒಳಗೆ ಹೋಗಿ ನೀರು ಕುಡಿದು ಬಂದರು. ಮಗಳ ಬೆನ್ನನ್ನೇ ನೋಡುತ್ತಾ, "ಏ ಹುಡುಗಿ, ಇತ್ತ ತಿರುಗು. ನಿನ್ನ ಮನಸಿನಾಗ ಏನದ, ಹೇಳು" ಎಂದರು. ಅವಳು ಹೇಳಿದಳು.

ಆ ವಾರವೇ ಕಾಕಿ ಕೆಂಭಾವಿಗೆ ಹೋಗಿ ಬಂದರು. ಅಣ್ಣ ಕೂಗಾಡಲಿಲ್ಲವಂತೆ. "ತಂಗೀ, ತೊಟ್ಟಿಲ ಮಾತು ಮುರದಿ. ಇನ್ನ ಈ ಹೊಸ್ತಲಾ ತುಳೀಬ್ಯಾಡ, ನಾನೂ ನಿನ್ನ ಹೊಸ್ತಲಾ ತುಳ್ಯಂಗಿಲ್ಲ" ಎಂದಷ್ಟೇ ಹೇಳಿ ಹೊಲಕ್ಕೆ ಹೋದರಂತೆ. ಕೂಗಾಡಿದ್ದರೆ ಒಂದು ದಿನ ತಣ್ಣಗಾಗುತ್ತಿದ್ದರೇನೋ.

ಪ್ರತಿ ವರ್ಷ ನಾಗರಪಂಚಮಿಗೆ ಅಣ್ಣ ಬಂದು ಕಾಕಿಯನ್ನು ಕರೆದೊಯ್ಯುತ್ತಿದ್ದರು. ಕಾಕಿಯ ಇಡೀ ವರ್ಷದಲ್ಲಿ ಮಷಿನ್ನಿಗೆ ಬಿಡುವು ಸಿಗುತ್ತಿದ್ದುದು ಆ ನಾಲ್ಕು ದಿನ. ಆ ವರ್ಷವೂ ಕಾಕಿ ಮಷಿನ್ನಿಗೆ ಬಟ್ಟೆ ಹೊದಿಸಿ, ತಲೆ ಬಾಚಿಕೊಂಡು, ಚೀಲ ತುಂಬಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತರು. ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ನಾನು ಹಬ್ಬದ ಉಂಡಿ ಕೊಡಲು ಹೋದೆ. "ಇಡವ್ವ" ಎಂದರು, ಮುಖ ನೋಡಲಿಲ್ಲ. ಹೊತ್ತು ಮುಳುಗುವಾಗ ಒಳಗಿನಿಂದ ಮಷಿನ್ನಿನ ಸದ್ದು ಕೇಳಿತು. ಗೋಡೆಯ ಈಚೆ ಕುಳಿತು ಆ ಸದ್ದು ಕೇಳುವುದು ನನಗೆ ಕಷ್ಟವಾಯಿತು, ಎದ್ದು ಹೊರಗೆ ಹೋದೆ.

ಗೆಳತಿ ನರ್ಸಿಂಗ್ ಸೇರಿದಳು. ಯಾದಗಿರಿಯಲ್ಲಿ ಕೆಲಸವೂ ಸಿಕ್ಕಿತು. ಅವಳ ಮುಖದ ಕಳೆ ನೋಡಿದಾಗ ನಾನು ಮಾಡಿದ್ದು ಸರಿ ಎನ್ನಿಸುತ್ತಿತ್ತು, ಪಂಚಮಿ ಬಂದಾಗ ಅನ್ನಿಸುತ್ತಿರಲಿಲ್ಲ. ಮೂರು ಪಂಚಮಿ ಹೀಗೇ ಕಳೆದ ಮೇಲೆ ಒಂದು ಮಧ್ಯಾಹ್ನ ತಡೆಯಲಾರದೆ ಕಾಕಿಗೆ ಎಲ್ಲಾ ಹೇಳಿಬಿಟ್ಟೆ. ಆ ಹುಡುಗಿ ಹಾಗೆ ಅಂದಿರಲೇ ಇಲ್ಲ, ಅದು ನನ್ನ ಮಾತು ಎಂದೆ.

ಮಷಿನ್ನು ನಿಲ್ಲಲಿಲ್ಲ. ಒಂದು ತೋಳು ಹೊಲಿದು ಮುಗಿಸಿ, ದಾರ ಕತ್ತರಿಸಿ ಕೇಳಿದರು. "ಮತ್ತ ಏನಂದಿದ್ದಳು?"

"ನೀನು ಹೇಳಿದಂಗ ಆಗಲಿ ಅಂದಿದ್ದಳು."

"ಪಾಪ," ಎಂದರು. "ಅಕಿ ಅವ್ವಗ ಹೇಳಾಕ ಯಾರೂ ಇದ್ದಿಲ್ಲ."

ನಾನು ಅಳಲು ಶುರು ಮಾಡಿದೆ. ಕಾಕಿ ಇನ್ನೊಂದು ತೋಳನ್ನು ಕೈಗೆತ್ತಿಕೊಂಡರು. "ಆ ಮಾತು ನಿಂದೇ ಇರಬಹುದು. ಅಣ್ಣನ ಮುಂದ ಹೋಗಿ ಬ್ಯಾಡ ಅಂದಾಕಿ ನಾನು. ಅದನ್ನ ನಿನ್ನ ತಲಿಮ್ಯಾಲ ಹೊರಸಂಗಿಲ್ಲ. ಖರೆ ಒಂದು ಹೇಳತೀನಿ, ಪಂಚಮಿ ಬಂತಂದ್ರ ನಿನ್ನ ಮ್ಯಾಲ ಸಿಟ್ಟು ಬರ್ತದ. ಬರಂಗಿಲ್ಲಂತ ಸುಳ್ಳು ಹೇಳಾಕ ನನಗ ಬರಂಗಿಲ್ಲ."

ನನ್ನ ಜೀವನದಲ್ಲಿ ಇಷ್ಟು ನೇರವಾಗಿ ನನ್ನನ್ನು ಕ್ಷಮಿಸಿದವರು, ಇಷ್ಟು ನೇರವಾಗಿ ಕ್ಷಮಿಸದೆ ಉಳಿದವರು ಇನ್ನೊಬ್ಬರಿಲ್ಲ. ಆ ಮೇಲೂ ನಮ್ಮ ಮಾತುಕತೆ ನಿಲ್ಲಲಿಲ್ಲ. ನನ್ನ ಮದುವೆಯ ಜಂಪರುಗಳನ್ನು ಅವರೇ ಹೊಲಿದರು. ಪಂಚಮಿಯ ನಾಲ್ಕು ದಿನ ಮಾತ್ರ ನಾನು ಅವರ ಖೋಲಿಗೆ ಕಾಲಿಡುತ್ತಿರಲಿಲ್ಲ.

ಹೋದ ಚಳಿಗಾಲ ನಾನು ತವರಿಗೆ ಬಂದಿದ್ದಾಗ, ಒಂದು ಬೆಳಗ್ಗೆ ಎದೆ ಹಿಡಿದುಕೊಂಡು ಕುಳಿತ ಕಾಕಿ ಮತ್ತೆ ಏಳಲಿಲ್ಲ. ಕೆಂಭಾವಿಗೆ ಫೋನು ಹೋಯಿತು. ಅಣ್ಣನ ಮನೆಯಲ್ಲಿ ಯಾರೋ ಎತ್ತಿದರು, ಸುದ್ದಿ ಕೇಳಿಸಿಕೊಂಡರು, ಇಟ್ಟರು.

ತೀರಿಹೋದ ಹೆಣ್ಣಿಗೆ ತವರಿನ ಸೀರೆ ಬರಬೇಕು. ಅದನ್ನು ಉಡಿಸಿಯೇ ಮಣ್ಣಿಗೆ ಒಯ್ಯುವುದು. ಸ್ನಾನ ಮಾಡಿಸಿ ಕೂಡಿಸಿದ್ದರು. ಹನ್ನೆರಡಾಯಿತು, ಒಂದಾಯಿತು. ಹೆಂಗಸರು ಗುಸುಗುಸು ಶುರು ಮಾಡಿದರು. ಓಣಿಯ ಹಿರಿಯಮ್ಮ, "ಎಷ್ಟೊತ್ತು ಕಾಯೋದು? ತವರು ಇಲ್ಲದಾಕಿ ಅಂತ ಮನಿ ಸೀರಿನೇ ಹೊದಸ್ರಿ" ಎಂದಳು. ಗೆಳತಿ ತಾಯಿಯ ಕಾಲ ಹತ್ತಿರ ಕುಳಿತಿದ್ದಳು. ಆ ಮಾತಿಗೆ ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿದೆ.

ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿ ಬರುತ್ತೇನೆಂದು ಹೊರಬಿದ್ದೆ. ಬಜಾರಿಗೆ ಹೋಗಿ ಒಂದು ಇಳಕಲ್ ಸೀರೆ ಕೊಂಡು, ಬೆವರುತ್ತಾ ಬಂದೆ.

"ಯಾರು ತಂದ್ರು?" ಹಿರಿಯಮ್ಮ ಕೇಳಿದಳು.

"ಕೆಂಭಾವಿ ಬಸ್ಸಿನಾಗ ಕಳಸ್ಯಾರ್ರಿ. ಕಂಡಕ್ಟರ್ ಕೊಟ್ಟ."

ಚೀಲದ ಮೇಲೆ ಶಹಾಪುರದ ಅಂಗಡಿಯ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆ ಗಡಿಬಿಡಿಯಲ್ಲಿ ಅದು ನನ್ನ ತಲೆಗೇ ಬಂದಿರಲಿಲ್ಲ. ಗೆಳತಿ ಎದ್ದು ಬಂದು ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಸೀರೆಯನ್ನು ಹೊರತೆಗೆದು ಕಣ್ಣಿಗೊತ್ತಿಕೊಂಡು, ಚೀಲವನ್ನು ಸಣ್ಣದಾಗಿ ಮಡಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮಾಮಾನೇ ಕಳಸ್ಯಾನ" ಎಂದಳು.

ಅಣ್ಣ ಮುನಿದಿದ್ದರೂ ಕಡೆಗೆ ತವರಿನ ಸೀರೆ ಉಟ್ಟೇ ಹೋದಳು, ಪುಣ್ಯವಂತೆ ಎಂದು ಓಣಿಯಲ್ಲಿ ಇವತ್ತಿಗೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಹೌದ್ರಿ ಎನ್ನುತ್ತೇನೆ.