ತಾಲೀಮಿನ ಹೆಂಡತಿ

ನಮ್ಮ ಯಜಮಾನರು ಮನೆಯಲ್ಲಿ ಮಾತಿಗೆ ಬಹಳ ಜಿಪುಣರು. ಊಟಕ್ಕೆ ಕೂತಾಗ ತಾಟು ಮುಂದಕ್ಕೆ ನೂಕಿದರೆ ಇನ್ನೊಂದು ರೊಟ್ಟಿ ಬೇಕೆಂದು ನಾನೇ ತಿಳಿದುಕೊಳ್ಳಬೇಕು. ಅಂಥವರಿಗೆ ತೆಲಿಗಿಯ ನಮ್ಮ ಓಣಿಯ ನಾಟಕದಲ್ಲಿ ಮಾತ್ರ ಪುಟಗಟ್ಟಲೆ ಮಾತಿರುವ ಪಾತ್ರವೇ ಆಗಬೇಕು. ಹೋದ ವರ್ಷ ಮುದುಕ ತಂದೆಯ ಪಾತ್ರ ಸಿಕ್ಕಿತ್ತು. ಗಂಡುಮಕ್ಕಳಿಬ್ಬರು ಪಾಲಾಗುವಾಗ ಅಪ್ಪನನ್ನು ಒಬ್ಬ, ಅವ್ವನನ್ನು ಒಬ್ಬ ಇಟ್ಟುಕೊಳ್ಳುವ ಕಥೆ.

ನಮ್ಮ ಕಡೆ ನಾಟಕದ ಗಂಡಸರೆಲ್ಲ ಊರಿನವರೇ. ಹೆಣ್ಣುಪಾತ್ರಕ್ಕೆ ಕೊಟ್ಟೂರು, ಕೂಡ್ಲಿಗಿ ಕಡೆಯಿಂದ ಕಲಾವಿದೆಯರನ್ನು ಕರೆಸುತ್ತಾರೆ, ಅವರು ಬರುವುದು ನಾಟಕದ ದಿನವೇ. ಅಲ್ಲಿಯವರೆಗೆ ತಾಲೀಮಿಗೆ ಇವರ ಹೆಂಡತಿಯ ಮಾತು ಯಾರು ಆಡಬೇಕು? ನಾನೇ. ಸಂಜೆ ಅಕ್ಕಿ ಆರಿಸುತ್ತಾ ಪುಸ್ತಕ ನೋಡಿ ಹೇಳುತ್ತಿದ್ದೆ: “ನನ್ನನ್ನು ಬಿಟ್ಟು ಹೇಗಿರುತ್ತೀರಿ?”

ಎಮ್ಮೆಗೆ ಮೇವು ಹಾಕುತ್ತಾ ಅವರು ಜವಾಬು ಕೊಡುತ್ತಿದ್ದರು: “ನೀನಿಲ್ಲದ ಮನೆಯಲ್ಲಿ ನನಗೆ ಗುಟುಕು ನೀರೂ ಇಳಿಯುವುದಿಲ್ಲ.”

ಮೊಮ್ಮಕ್ಕಳಾದ ಮೇಲೆ, ಜೀವಮಾನದಲ್ಲೇ ಮೊದಲ ಸಲ ಅಂಥ ಮಾತು ಕಿವಿಗೆ ಬಿತ್ತು, ಅದೂ ಎಮ್ಮೆಯ ಮುಖ ನೋಡುತ್ತಾ ಹೇಳಿದ್ದು. ನಾಟಕದ್ದೆಂದು ಗೊತ್ತಿದ್ದೂ ಆಸೆಯಾಗುತ್ತಿತ್ತು. ಸರಿಯಾಗಿ ಹೇಳಿದರೂ “ತಪ್ಪೈತಿ, ಇನ್ನೊಮ್ಮೆ ಹೇಳ್ರಿ” ಎಂದು ಮತ್ತೆ ಹೇಳಿಸುತ್ತಿದ್ದೆ.

ನಾಟಕದ ನಡುವೆ ಆಟ ನಿಲ್ಲಿಸಿ, ನೆಂಟರು ಸ್ಟೇಜು ಹತ್ತಿ ಪಾತ್ರಧಾರಿಗೆ ಬಟ್ಟೆ ಹೊದಿಸಿ ಆಯಾರ ಮಾಡುವುದು ನಮ್ಮಲ್ಲಿ ರೂಢಿ. ಆ ರಾತ್ರಿ ಬೀಗರೆಲ್ಲ ಮುಗಿಸಿದ ಮೇಲೆ ನಾನೂ ಟವೆಲ್ ಹಿಡಿದು ಹತ್ತಿದೆ. ಗಂಡ ಹೆಂಡತಿ ಅಗಲುವ ದೃಶ್ಯದ ನಟ್ಟನಡುವೆ. ಹೊದಿಸಿ ಪಕ್ಕಕ್ಕೆ ಸರಿದರೆ, ಇವರಿಗೆ ಮುಂದಿನ ಮಾತೇ ಮರೆತುಹೋಗಿದೆ! ಪರದೆ ಹಿಂದೆ ನಾಟಕದ ಮಾಸ್ತರು ಹೇಳಿಕೊಟ್ಟದ್ದು ಗದ್ದಲದಲ್ಲಿ ಕೇಳಲಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತಾ ನಿಂತವರನ್ನು ನೋಡಿ, ರೂಢಿಬಲ, ನಾನೇ ಅಂದುಬಿಟ್ಟೆ: “ನನ್ನನ್ನು ಬಿಟ್ಟು ಹೇಗಿರುತ್ತೀರಿ?”

ಮೈಕು ಎದುರಿಗೇ ಇತ್ತು. ಅವರು ನನ್ನ ಕಡೆ ತಿರುಗಿ, ನನ್ನ ಮುಖ ನೋಡಿ, ಇಡೀ ಮಾತು ಹೇಳಿದರು. ಜನ ಶಿಳ್ಳೆ ಹೊಡೆದರು. ಕೊಟ್ಟೂರಿನ ಕಲಾವಿದೆ ಸೊಂಟದ ಮೇಲೆ ಕೈಯಿಟ್ಟು, “ಮತ್ತ ನನ್ನ ಯಾಕ ಕರಿಸೀರಿ?” ಅಂದಳು. ನಾನು ಸೆರಗು ಬಾಯಿಗೆ ಹಿಡಿದು ಇಳಿದು ಓಡಿದೆ.

ಮನೆಗೆ ಬಂದ ಮೇಲೆ ಕೇಳಿದೆ: “ಆ ಮಾತು ಯಾರಿಗೆ ಹೇಳಿದ್ರಿ?”

“ಪುಸ್ತಕದಾಗ ಇದ್ದದ್ದು ಹೇಳೀನಿ. ಚಾ ಮಾಡು,” ಅಂದರು. ಎಂಥಾ ಗಂಡಸು!

ಈಗ ನಾನು ಹರಪನಹಳ್ಳಿಯಲ್ಲಿ ದೊಡ್ಡ ಮಗನ ಮನೆಯಲ್ಲಿದ್ದೇನೆ. ಅವನೂ ಸೊಸೆಯೂ ಕೆಲಸಕ್ಕೆ ಹೋಗುವವರು, ಕೂಸು ನೋಡಲು ಅವ್ವ ಬೇಕು. ತೆಲಿಗಿಯ ಸಣ್ಣವನಿಗೆ ಹೊಲ ನೋಡಲು ಅಪ್ಪ ಬೇಕು. ಅತ್ತೆಯನ್ನು ಯಾವಾಗ ಕಳಿಸುತ್ತೀರಿ ಎಂದು ಸಣ್ಣ ಸೊಸೆ, ಮಾವ ನಿಮಗೇ ಆದರಲ್ಲ ಎಂದು ದೊಡ್ಡವಳು, ಫೋನಿನಲ್ಲೇ ಕಿತ್ತಾಡುತ್ತಾರೆ. ನಮ್ಮಿಬ್ಬರನ್ನು ಮಾತ್ರ ಯಾರೂ ಕೇಳಲಿಲ್ಲ.

ಹೊರಡುವ ದಿನ ಬಸ್ಸಿನ ಹತ್ತಿರ ಇವರು ಏನಾದರೂ ಅಂದಾರು ಎಂದು ಕಾದೆ. ಹೋಗಬೇಡ ಅಂದಿದ್ದರೆ ಚೀಲ ಇಳಿಸಿಬಿಡುತ್ತಿದ್ದೆ. “ಕಿಟಕಿ ಕಡಿ ಕುಂದ್ರು, ವಾಂತಿ ಆದೀತು” ಅಂದರು. ಫೋನಿನಲ್ಲೂ ಅಷ್ಟೇ: ಉಂಡ್ಯಾ, ಗುಳಿಗಿ ತಗಂಡ್ಯಾ. ಇಟ್ಟ ಮೇಲೆ ನನಗೆ ಸಿಟ್ಟು ಬರುತ್ತದೆ, ಆಮೇಲೆ ಅಳು. ತೆಲಿಗಿ ಬೋರ್ಡಿನ ಬಸ್ಸು ಕಂಡರೆ ಕೂಸನ್ನು ಎತ್ತಿಕೊಂಡು ನಿಂತು ನೋಡುತ್ತೇನೆ.

ಮೊನ್ನೆ ಸಣ್ಣ ಸೊಸೆ ಫೋನು ಮಾಡಿದ್ದಳು. ಈ ಸಲದ ನಾಟಕಕ್ಕೆ ಮಾಸ್ತರು ಪಾತ್ರ ಕೊಡಲು ಬಂದರೆ ಇವರು ಒಲ್ಲೆ ಅಂದರಂತೆ. ಓಣಿಯವರೆಲ್ಲ ಕೂಡಿ ಯಾಕೆಂದು ಕೇಳಿದ್ದಾರೆ.

“ನಮ್ಮ ಮನಿಯಾಕಿ ಊರಾಗಿಲ್ಲ. ನನ್ನ ಕೈಲಿ ಆಗಂಗಿಲ್ರಪ್ಪಾ,” ಎಂದು ಎದ್ದು ಹೋದರಂತೆ.

ಫೋನು ಹಿಡಿದುಕೊಂಡೇ ಕೂತೆ. ಇಷ್ಟು ವರ್ಷ ಕಾದ ಮಾತು. ನನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಹೇಳಿದ್ದಾರೆ, ಪುಣ್ಯಾತ್ಮರು.